ಮೂಲೆ ಸೇರಿದ ಯೆಜ್ಡಿಯನ್ನು ಮನೆಯಲ್ಲೇ ಬಿಚ್ಚುವುದು ಹೇಗೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ಹೊರಬಂದವು. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದರೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ, ಅಡಿಕೆ ಗೋದಾಮಿನ ಮೂಲೆಯಲ್ಲಿ ಅವು ಇನ್ನೂ ನಿಂತಿವೆ. ಅವನ್ನು ಮತ್ತೆ ರಸ್ತೆಗಿಳಿಸಲು ಹೊರಟವರ ಪ್ರಶ್ನೆಗಳಲ್ಲಿ ಬಿಚ್ಚುವ ಹಂತದವನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇವೆ. ಜೋಡಿಸುವಾಗ ಎದುರಾಗುವ ತೊಂದರೆಗಳ ಬೇರು ಹೆಚ್ಚಾಗಿ ಈ ಹಂತದಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ತಂದೆಯವರ 1984ರ ಯೆಜ್ಡಿ ಕ್ಲಾಸಿಕ್ ಹಲವು ವರ್ಷಗಳಿಂದ ಕೊಟ್ಟಿಗೆಯಲ್ಲಿದೆ. ಪೂರ್ತಿ ಬಿಚ್ಚಿ ಹೊಸದರಂತೆ ಮಾಡಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ? ಏನೇನು ಸಾಮಾನು ಬೇಕು? (ಅರಸೀಕೆರೆ)

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಹುಡುಕಿ. ಅದರಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರು ಗಾಡಿಯ ಮೇಲಿರುವುದರೊಂದಿಗೆ ಅಕ್ಷರಶಃ ಹೊಂದುತ್ತವೆಯೇ ನೋಡಿ. ನಂಬರಿನ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ನಂಬರು ಹೊಂದದ ಗಾಡಿಗೆ ಸಾವಿರಾರು ರೂಪಾಯಿ ಸುರಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ನಿಂತು ಪರದಾಡುವುದಕ್ಕಿಂತ ಇದನ್ನು ಈಗಲೇ ತಿಳಿಯುವುದು ಲೇಸು.

ಆಮೇಲೆ ಫೋಟೊ. ತೊಳೆಯುವ ಮೊದಲೇ ತೆಗೆಯಿರಿ. ಎಣ್ಣೆ ಎಲ್ಲಿಂದ ಸೋರಿದೆ, ಯಾವ ಬೋಲ್ಟಿನ ಸುತ್ತ ತುಕ್ಕಿನ ಪುಡಿ ಉದುರಿದೆ, ಚಾಸಿಸ್‌ನಲ್ಲಿ ಬಣ್ಣ ಗೆರೆಯಾಗಿ ಬಿರಿದಿದೆಯೇ ಎಂಬುದನ್ನೆಲ್ಲ ಕೊಳೆಯೇ ಹೇಳುತ್ತದೆ. ತೊಳೆದರೆ ಆ ಸುಳಿವು ನೀರಿನ ಜತೆ ಹೋಗುತ್ತದೆ. ಕೇಬಲ್‌ಗಳು ಹ್ಯಾಂಡಲ್‌ನಿಂದ ಯಾವ ಪೈಪಿನ ಯಾವ ಪಕ್ಕದಲ್ಲಿ ಇಳಿದಿವೆ, ವೈರಿಂಗ್ ಟ್ಯಾಂಕಿನ ಕೆಳಗೆ ಎಲ್ಲಿ ಹಾದಿದೆ, ವಾಷರುಗಳು ಯಾವ ಸಾಲಿನಲ್ಲಿವೆ ಎಂಬ ಮೂರು ಸಂಗತಿಗೆ ವಿಶೇಷವಾಗಿ ಹತ್ತಿರದ ಫೋಟೊ ಬೇಕು. ಜೋಡಿಸುವಾಗ ಜನ ಸಿಕ್ಕಿಬೀಳುವುದು ಈ ಮೂರರಲ್ಲೇ.

ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆಗಳನ್ನು ಟ್ರೇಸಿಂಗ್ ಪೇಪರ್ ಅಂಟಿಸಿ ನಕಲು ಮಾಡಿಕೊಳ್ಳಿ. ಅಂಚಿನಿಂದ ಗೆರೆ ಎಷ್ಟು ಮಿಲಿಮೀಟರ್ ದೂರ, ಗೆರೆಯ ದಪ್ಪ ಎಷ್ಟು ಎಂದೂ ಬರೆಯಿರಿ. ಮೂಲ ಬಣ್ಣ ಬಿಸಿಲು ತಾಗದ ಜಾಗದಲ್ಲಿ ಮಾತ್ರ ಉಳಿದಿರುತ್ತದೆ: ಟ್ಯಾಂಕಿನ ತಳ, ಟೂಲ್‌ಬಾಕ್ಸ್ ಮುಚ್ಚಳದ ಒಳಮೈ. ಅಲ್ಲಿ ಬಣ್ಣ ಉಜ್ಜಿ ತೆಗೆಯುವ ಮೊದಲು ಪೇಂಟ್ ಅಂಗಡಿಯವರಿಗೆ ತೋರಿಸಿ ಶೇಡ್ ಹೊಂದಿಸಿ.

ಜಾಗದ ಮಾತು. ಬೈಕು ನಿಲ್ಲಿಸಿ ಸುತ್ತ ಓಡಾಡಲು ಎಂಟಡಿ ಹತ್ತಡಿ ಸಾಕು, ಆದರೆ ಬಿಚ್ಚಿದ ಮೇಲೆ ಅದೇ ಗಾಡಿ ಮೂರರಷ್ಟು ಜಾಗ ಕೇಳುತ್ತದೆ. ಕಬ್ಬಿಣದ ರ‍್ಯಾಕ್ ಒಂದನ್ನು ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ. ಸಾಮಾನುಗಳಲ್ಲಿ ಮಿಲಿಮೀಟರ್ ಅಳತೆಯ ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್, ಹೀಟ್ ಗನ್, ಸರ್ಕ್ಲಿಪ್ (ಉಂಗುರದಂಥ ಕ್ಲಿಪ್) ತೆಗೆಯುವ ಪ್ಲೈಯರ್, ರಬ್ಬರ್ ಸುತ್ತಿಗೆ, ಕ್ಲಚ್ ಹಿಡಿಯುವ ಉಪಕರಣ, ಡೈನಮೊ (ವಿದ್ಯುತ್ ತಯಾರಿಸುವ ಭಾಗ) ಮತ್ತು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಮೇಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಎಳೆಯುವ ಪುಲ್ಲರ್ ಬೇಕೇ ಬೇಕು. ಯೆಜ್ಡಿ ಮೂಲತಃ ಜೆಕ್ ವಿನ್ಯಾಸದ ಗಾಡಿ, ನಟ್ಟು ಬೋಲ್ಟುಗಳೆಲ್ಲ ಮೆಟ್ರಿಕ್. ಹಳೆಯ ಬುಲೆಟ್‌ಗೆಂದು ಇಟ್ಟುಕೊಂಡ ಇಂಚಿನ ಸ್ಪ್ಯಾನರ್‌ಗಳನ್ನು ಇದಕ್ಕೆ ತಂದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ತೆರೆದ ಬಾಯಿಯ ಸ್ಪ್ಯಾನರ್‌ನಿಂದ ತುಕ್ಕು ಹಿಡಿದ ನಟ್ಟನ್ನು ಎಂದೂ ಮುಟ್ಟಬೇಡಿ.

ಬಿಚ್ಚುವ ಕ್ರಮ: ಬ್ಯಾಟರಿ, ಸೀಟು, ಪೆಟ್ರೋಲ್ ಖಾಲಿ ಮಾಡಿ ಟ್ಯಾಂಕು, ಸೈಲೆನ್ಸರ್‌ಗಳು, ಕಾರ್ಬೊರೇಟರ್, ವೈರಿಂಗ್, ಎಂಜಿನ್, ಹಿಂದಿನ ಚಕ್ರ, ಮಡ್‌ಗಾರ್ಡ್‌ಗಳು, ಮುಂದಿನ ಚಕ್ರ, ಕೊನೆಗೆ ಫೋರ್ಕು. ಈ ಸಾಲಿನಲ್ಲಿ ಒಂದು ಗುಟ್ಟಿದೆ. ಎಂಜಿನ್‌ನ ಬಿಗಿಯಾದ ನಟ್ಟುಗಳನ್ನು ಎಂಜಿನ್ ಚಾಸಿಸ್‌ನಲ್ಲಿ ಇರುವಾಗಲೇ, ಚೈನು ಕಳಚುವ ಮೊದಲೇ ಸಡಿಲಿಸಬೇಕು. ಟಾಪ್ ಗೇರಿಗೆ ಹಾಕಿ ಒಬ್ಬರು ಹಿಂದಿನ ಬ್ರೇಕು ಒತ್ತಿ ಹಿಡಿದರೆ ಹೊರಗಿನ ಸ್ಪ್ರಾಕೆಟ್ಟಿನ ನಟ್ಟಿಗೆ ಬೇಕಾದ ಹಿಡಿತ ಸಿಗುತ್ತದೆ. ಎಂಜಿನ್ ಮೇಜಿಗೆ ಬಂದ ಮೇಲೆ ಅದೇ ನಟ್ಟಿಗೆ ಬಲ ಹಾಕಲು ಹೋದರೆ ಎಂಜಿನ್ನೇ ಉರುಳುತ್ತದೆ.

ಹಿಂದಿನ ಚಕ್ರದ ಪಿನ್ನು ಎಳೆದರೆ ಚಕ್ರ ಮಾತ್ರ ಹೊರಬರುತ್ತದೆ. ಮುಚ್ಚಿದ ಚೈನ್‌ಕೇಸು ಮತ್ತು ಅದರೊಳಗಿನ ಸ್ಪ್ರಾಕೆಟ್ ಅಲ್ಲೇ ಉಳಿಯುತ್ತವೆ. ಇದು ಪಂಚರ್ ಹಾಕುವವರಿಗೆ ಅನುಕೂಲವಾಗಲೆಂದು ಮಾಡಿದ ಒಳ್ಳೆಯ ಏರ್ಪಾಡು. ಚೈನ್‌ಕೇಸಿಗೂ ಎಂಜಿನ್‌ಗೂ ನಡುವಿನ ಸುರುಳಿ ರಬ್ಬರ್ ಕೊಳವೆ ಒಣಗಿ ಬಿರಿದಿದ್ದರೂ ಎಸೆಯಬೇಡಿ, ಹೊಸದನ್ನು ಕೊಳ್ಳುವಾಗ ಅಳತೆಗೆ ಅದೇ ಬೇಕು. ಈ ಮಾತು ಎಲ್ಲ ಭಾಗಕ್ಕೂ ಅನ್ವಯಿಸುತ್ತದೆ. ಬೈಕು ಮತ್ತೆ ಓಡುವವರೆಗೆ ಒಂದು ವಾಷರ್ ಕೂಡ ಗುಜರಿಗೆ ಹೋಗಬಾರದು.

ಸ್ಟೀರಿಂಗ್ ಕಳಚುವಾಗ ಕೆಳಗೆ ಹಳೆಯ ಪಂಚೆ ಹಾಸಿ. ಒಳಗಿನ ಬೇರಿಂಗ್ ಗುಂಡುಗಳು ಬಿಡಿಬಿಡಿಯಾಗಿ ಉದುರುತ್ತವೆ. ಮೇಲಿನವು ಎಷ್ಟು, ಕೆಳಗಿನವು ಎಷ್ಟು ಎಂದು ಬೇರೆ ಬೇರೆ ಎಣಿಸಿ ಬರೆದಿಡಿ. ಗುಂಡು ಕೂರುವ ಬಟ್ಟಲಿನಲ್ಲಿ ಸಾಲಾಗಿ ಸಣ್ಣ ಕುಳಿಗಳು ಕಂಡರೆ ಬಟ್ಟಲನ್ನೂ ಬದಲಿಸಬೇಕು. ಹೊಸ ಗುಂಡುಗಳನ್ನಷ್ಟೇ ಹಾಕಿದರೆ ಹ್ಯಾಂಡಲ್ ನೇರ ನಿಲುವಿನಲ್ಲಿ ಕಚ್ಚಿಕೊಂಡಂತೆ ಆಗುತ್ತದೆ.

ಬಿಡಿಭಾಗಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಳಗೊಂದು ಚೀಟಿ. ಚೀಲದ ಮೇಲೆ ಬರೆದ ಶಾಯಿ ಡೀಸೆಲ್ ತಾಗಿದರೆ ಅಳಿಸಿಹೋಗುತ್ತದೆ, ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗಿಡಿ. “ಬೋಲ್ಟುಗಳು” ಎಂದು ಬರೆದರೆ ಪ್ರಯೋಜನವಿಲ್ಲ. “ಹಿಂದಿನ ಮಡ್‌ಗಾರ್ಡ್, ಚಾಸಿಸ್ ಕಡೆ, ಎಡ, ದಪ್ಪ ವಾಷರ್ ಒಳಗೆ” ಎಂದಿರಲಿ. ಎಂಜಿನ್ ಕವರುಗಳ ಸ್ಕ್ರೂಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ತೂತಿನ ಸ್ಕ್ರೂವೋ ಅದೇ ಜಾಗಕ್ಕೆ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ತಳ ತಾಗಿ ಅಲ್ಯೂಮಿನಿಯಂ ಸೀಳುತ್ತದೆ, ಗಿಡ್ಡದ್ದು ಉದ್ದ ತೂತಿಗೆ ಹೋದರೆ ಎರಡೇ ಸುತ್ತು ಥ್ರೆಡ್ ಹಿಡಿದು ಕಿತ್ತುಬರುತ್ತದೆ.

ತೊಳೆಯಲು ಡೀಸೆಲ್ ಸಾಕು. ಮುಚ್ಚಿದ ಗ್ಯಾರೇಜಿನಲ್ಲಿ ಪೆಟ್ರೋಲಿನಿಂದ ತೊಳೆಯುವುದು ಜೀವಕ್ಕೆ ಅಪಾಯ. ಬ್ರೇಕ್ ಡ್ರಮ್ ತೆರೆದಾಗ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಿ.

ಪ್ರಶ್ನೆ: ಕಿಕ್ಕರ್ ಅಲ್ಲಾಡುವುದೇ ಇಲ್ಲ. ಎಂಜಿನ್ ಜಾಮ್ ಆಗಿದೆ. ಗೇರ್ ಹಾಕಿ ತಳ್ಳಿದರೆ ಬಿಡುತ್ತದೆ ಎನ್ನುತ್ತಾರೆ. ನಿಜವೇ? (ಸಾಗರ)

ತಳ್ಳಬೇಡಿ. ಕಿಕ್ಕರ್ ಮೇಲೆ ನಿಂತು ಜಿಗಿಯಲೂ ಬೇಡಿ. ಹಾಗೆ ಮಾಡಿದರೆ ಪಿಸ್ಟನ್‌ಗೆ ಅಂಟಿದ ರಿಂಗು ಬೋರಿನ, ಅಂದರೆ ಸಿಲಿಂಡರಿನ ಒಳಮೈಯ, ಕಿಂಡಿಗೆ ಸಿಕ್ಕಿ ಮುರಿಯುತ್ತದೆ, ಕಿಕ್ಕರ್ ಒಳಗಿನ ಹಲ್ಲು ಹಾರುತ್ತದೆ.

ಮೊದಲು ಜಾಮ್ ಆಗಿರುವುದು ಯಾವುದು ಎಂದು ತಿಳಿಯಿರಿ. ಬಲಗಡೆಯ ಕವರು ತೆಗೆದರೆ ಡೈನಮೊ ಕಾಣುತ್ತದೆ. ಅದರ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಬೋಲ್ಟು ಬಿಗಿಯಾಗುವ ದಿಕ್ಕಿಗೆ ಮೆಲ್ಲಗೆ ಒತ್ತಿ. ಕ್ರ್ಯಾಂಕ್ ತಿರುಗಿದರೆ ತೊಂದರೆ ಕಿಕ್ಕರ್ ಅಥವಾ ಗೇರ್‌ಬಾಕ್ಸ್ ಕಡೆ ಇದೆ. ತಿರುಗದಿದ್ದರೆ ಪಿಸ್ಟನ್ ಇಲ್ಲವೇ ಕ್ರ್ಯಾಂಕಿನ ಬೇರಿಂಗ್.

ಸ್ಪಾರ್ಕ್ ಪ್ಲಗ್ ಮತ್ತು ಎರಡೂ ಸೈಲೆನ್ಸರ್ ಪೈಪು ಬಿಚ್ಚಿ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಮೇಲಿದ್ದು ಕಿಂಡಿ ಮುಚ್ಚಿದ್ದರೆ ಅದೃಷ್ಟ. ಪ್ಲಗ್ ತೂತಿನಿಂದ ಸುರಿದ ದ್ರವ ಪಿಸ್ಟನ್ ತಲೆಯ ಮೇಲೆ ನಿಂತು ರಿಂಗಿನ ಸಂದಿಗೆ ಇಳಿಯುತ್ತದೆ. ಪಿಸ್ಟನ್ ಕೆಳಗಿದ್ದರೆ ಸುರಿದದ್ದೆಲ್ಲ ಕಿಂಡಿಗಳ ಮೂಲಕ ಹರಿದುಹೋಗುತ್ತದೆ. ನಾಲ್ಕು ಸ್ಟ್ರೋಕ್ ಗಾಡಿಯವರು ಹೇಳುವ “ಎಣ್ಣೆ ತುಂಬಿಸಿ ಮರೆತುಬಿಡಿ” ಎಂಬ ಉಪಾಯ ಎರಡು ಸ್ಟ್ರೋಕ್‌ನ ಯೆಜ್ಡಿಯಲ್ಲಿ ಕೈಕೊಡುವುದು ಇದಕ್ಕೇ. ಆಗ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿ ಮೇಲಿನಿಂದ ಬೋರಿನ ಗೋಡೆಗೆ ದಿನಕ್ಕೆರಡು ಸಲ ಎಣ್ಣೆ ಬಿಡುತ್ತಿರಬೇಕು.

ದ್ರವಕ್ಕೆ ಆಟೊಮ್ಯಾಟಿಕ್ ಕಾರುಗಳ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ 50 ಮಿ.ಲೀ. ಸಾಕು. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಬಣ್ಣವನ್ನೂ ತಿನ್ನುತ್ತದೆ. ಕಿಟಕಿ ತೆರೆದಿಡಿ. ಒಂದು ವಾರ ಕಾದು, ಹೆಡ್ ತೆಗೆದು, ಬೋರಿಗಿಂತ ಸ್ವಲ್ಪ ಸಣ್ಣದಾದ ದುಂಡು ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಮೆಲ್ಲಗೆ ತಟ್ಟಿ. ತಟ್ಟುವಾಗಲೇ ಸಿಲಿಂಡರಿನ ಹೊರಮೈಗೆ ಹೀಟ್ ಗನ್ ಹಿಡಿದರೆ ಎರಕದ ಕಬ್ಬಿಣ ಹಿಗ್ಗಿ ಹಿಡಿತ ಸಡಿಲಾಗುತ್ತದೆ. ಆದರೆ ಅಸಿಟೋನ್ ಪೂರ್ತಿ ಒರೆಸಿ ಆರಿದ ಮೇಲೆ ಮಾತ್ರ ಬಿಸಿ ಮಾಡಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಗ್ರೀಸಿನ ಉಪಾಯವಿದೆ. ಹಳೆಯ ಪ್ಲಗ್ಗಿನ ಒಳಗಿನ ಪಿಂಗಾಣಿ ತೆಗೆದು ಲೇತ್‌ನಲ್ಲಿ ಗ್ರೀಸ್ ನಿಪ್ಪಲ್ ಕೂರಿಸಿಕೊಡಲು ಹೇಳಿ. ಅದನ್ನು ಪ್ಲಗ್ ಜಾಗಕ್ಕೆ ಹಾಕಿ ಗ್ರೀಸ್ ಗನ್ನಿನಿಂದ ಒತ್ತಿದರೆ ಪಿಸ್ಟನ್ ಮೇಲೆ ಭಾರೀ ಒತ್ತಡ ಬೀಳುತ್ತದೆ. ಹೆಡ್ಡನ್ನು ಮತ್ತೆ ಕೂರಿಸಿ ಅದರ ನಟ್ಟುಗಳೆಲ್ಲ ಬಿಗಿಯಾಗಿರಬೇಕು, ಕಿಂಡಿಗಳು ಮುಚ್ಚಿರಬೇಕು. ಪಿಸ್ಟನ್ ನೇರ ಮೇಲ್ತುದಿಯಲ್ಲಿದ್ದರೆ ಮಾತ್ರ ಇದು ಬೇಡ, ಒತ್ತಡ ಕ್ರ್ಯಾಂಕನ್ನು ತಿರುಗಿಸದೆ ಬೇರಿಂಗನ್ನು ಜಜ್ಜುತ್ತದೆ. ಗ್ರೀಸಿನ ಬದಲು ಕಂಪ್ರೆಸರ್ ಗಾಳಿ ಬಳಸಬೇಡಿ. ಗಾಳಿ ಕುಗ್ಗಿ ಶೇಖರವಾಗಿ ಒಮ್ಮೆಲೇ ಬಿಡುಗಡೆಯಾಗುತ್ತದೆ, ಗ್ರೀಸು ಹಾಗೆ ಮಾಡುವುದಿಲ್ಲ.

ಎಂಜಿನ್ ಬಿಟ್ಟಿತೆಂದು ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡುವವರೇ ಹೆಚ್ಚು. ಮಲೆನಾಡಿನ ತೇವದಲ್ಲಿ ನಿಂತ ಗಾಡಿಗಂತೂ ಇದು ಕೂಡದು. ಎರಡು ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್ ಕೋಣೆಯಲ್ಲಿ ಎಣ್ಣೆ ನಿಂತಿರುವುದಿಲ್ಲ, ಪೆಟ್ರೋಲಿನ ಜತೆ ಬರುವ ಎಣ್ಣೆಯೇ ಗತಿ. ಹಾಗಾಗಿ ವರ್ಷಗಟ್ಟಲೆ ನಿಂತರೆ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಸಿಲಿಂಡರ್ ಎತ್ತಿ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಅಲ್ಪ ಆಟ ಇರಬೇಕಾದದ್ದೇ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಟವಿದ್ದರೂ, ತಿರುಗಿಸಿದಾಗ ಮರಳು ಸಿಕ್ಕಂತೆ ಕೈಗೆ ತಾಗಿದರೂ ಕ್ರ್ಯಾಂಕ್ ಬಿಚ್ಚಿಸಲೇಬೇಕು.

ಪ್ರಶ್ನೆ: ಕವರಿನ ಸ್ಕ್ರೂಗಳ ತಲೆ ಸವೆದುಹೋಗಿದೆ. ಸೈಲೆನ್ಸರ್ ನಟ್ಟನ್ನು ಮೆಕ್ಯಾನಿಕ್ ಉಳಿಯಿಟ್ಟು ಹೊಡೆದರು, ಒಂದು ರೆಕ್ಕೆ ಮುರಿಯಿತು. ಮುಂದೇನು? (ಬೆಳಗಾವಿ)

ಉಳಿ ಕೆಳಗಿಡಿಸಿ. ಸಿಲಿಂಡರಿಗೆ ಪೈಪು ಹಿಡಿದಿರುವ ಆ ರೆಕ್ಕೆಯ ನಟ್ಟಿಗೆ ಕೊಕ್ಕೆಯಂಥ ಬೇರೆ ಸ್ಪ್ಯಾನರ್ ಇದೆ. ಸಿಗದಿದ್ದರೆ ಪಟ್ಟಿ ಕಬ್ಬಿಣದಲ್ಲಿ ಮಾಡಿಸಿ, ಕನಿಷ್ಠ ಎರಡು ರೆಕ್ಕೆಗಳ ಮೇಲೆ ಬಲ ಹಂಚುವಂತಿರಲಿ. ನಟ್ಟಿಗೂ ಸಿಲಿಂಡರಿಗೂ ನಡುವೆ ಕಟ್ಟಿದ ಕರಕಲನ್ನು ತಂತಿ ಬ್ರಷ್ಷಿನಿಂದ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ಎಣ್ಣೆ ಒರೆಸಿ, ನಟ್ಟಿನ ಸುತ್ತಲೂ ಸಮನಾಗಿ ಬಿಸಿ ಮಾಡಿ, ಮೊದಲು ಬಿಗಿಯುವ ಕಡೆಗೆ ಒಂದು ಎಳೆಯಷ್ಟು ತಿರುಗಿಸಿ ಆಮೇಲೆ ಬಿಚ್ಚಿ. ತುಕ್ಕಿನ ಕೊಂಡಿ ಎರಡೂ ದಿಕ್ಕಿಗೆ ಅಲುಗಿದರೇ ಮುರಿಯುವುದು. ಅರ್ಧ ಸುತ್ತು ಬಂದು ಮತ್ತೆ ಬಿಗಿಯಾದರೆ ಎಳೆಯಬೇಡಿ, ಹಿಂದಕ್ಕೆ ತಿರುಗಿಸಿ ಎಣ್ಣೆ ಬಿಟ್ಟು ಮತ್ತೆ ಮುಂದಕ್ಕೆ ತನ್ನಿ. ನಟ್ಟು ಹೋದರೆ ಬೇರೆ ಸಿಗುತ್ತದೆ. ಸಿಲಿಂಡರಿನ ಥ್ರೆಡ್ ಹೋದರೆ ಅದನ್ನು ಕಟ್ಟುವ ಕೆಲಸ ದುಬಾರಿ.

ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್. ಅದಕ್ಕೂ ಮೊದಲು ಸ್ಕ್ರೂ ತಲೆಯ ಸೀಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ಆಳ ಮಾಡಿ. ಡ್ರೈವರಿನ ತುದಿ ಸೀಳಿನ ಪೂರ್ತಿ ಅಗಲಕ್ಕೆ ಕೂರಬೇಕು. ತಲೆ ಪೂರ್ತಿ ಹೋಗಿದ್ದರೆ ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆಯಿರಿ. ಕವರು ಹೊರಬಂದ ಮೇಲೆ ಉಳಿದ ಕಡ್ಡಿಯನ್ನು ಲಾಕಿಂಗ್ ಪ್ಲೈಯರ್‌ನಿಂದ ಹಿಡಿದು ತಿರುಗಿಸಿದರೆ ಬೆರಳಲ್ಲೇ ಬರುವಷ್ಟು ಸಡಿಲವಿರುತ್ತದೆ, ಏಕೆಂದರೆ ಬಿಗಿತವೆಲ್ಲ ತಲೆಯ ಅಡಿಯಲ್ಲಿತ್ತು.

ಪ್ರಶ್ನೆ: ಎಂಜಿನ್ನನ್ನು ಎರಡು ಹೋಳು ಮಾಡುವವರೆಗೆ ಮನೆಯಲ್ಲೇ ಬಿಚ್ಚಬಹುದೇ? ಎಲ್ಲಿ ನಿಲ್ಲಿಸಬೇಕು? (ಮೈಸೂರು)

ಎಂಜಿನ್ ಕೇಸಿನ ಎರಡು ಅರ್ಧಗಳನ್ನು ಬೇರೆ ಮಾಡುವವರೆಗೆ ಧಾರಾಳವಾಗಿ ಮಾಡಬಹುದು. ಕ್ರ್ಯಾಂಕ್ ಬಿಚ್ಚುವುದು, ಜೋಡಿಸಿ ಸಮ ಮಾಡುವುದು ಮಾತ್ರ ಪ್ರೆಸ್ ಮತ್ತು ಡಯಲ್ ಗೇಜ್ (ಕೂದಲೆಳೆಯಷ್ಟನ್ನೂ ಅಳೆಯುವ ಮಾಪಕ) ಇರುವ ಕೆಲಸಗಾರರದ್ದು. ಗಾಡಿ ಓಡುತ್ತಿದ್ದು ಗೇರುಗಳು ಸದ್ದಿಲ್ಲದೆ ಬೀಳುತ್ತಿದ್ದರೆ ಹೋಳು ಮಾಡಲೇಬೇಕೆಂಬ ಹಠ ಬೇಡ ಎಂಬುದೂ ನಮ್ಮ ಸಲಹೆ. ಓಡುವ ಸ್ಥಿತಿಯಲ್ಲಿದ್ದರೆ ಬಿಚ್ಚುವ ಮೊದಲು ಎಲ್ಲ ಗೇರಿನಲ್ಲೂ ಓಡಿಸಿ ದೋಷಗಳನ್ನು ಬರೆದಿಟ್ಟುಕೊಳ್ಳಿ. ಬಿಳಿ ಹೊಗೆ ದಟ್ಟವಾಗಿದ್ದು ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲು (ಎಣ್ಣೆ, ಗಾಳಿ ತಡೆಯುವ ರಬ್ಬರ್ ಉಂಗುರ) ಸತ್ತು ಎಂಜಿನ್ ಆ ಎಣ್ಣೆಯನ್ನು ಹೀರುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಮೇಲೇರಿ ಓಡುತ್ತಿದ್ದರೆ ಡೈನಮೊ ಕಡೆಯ ಸೀಲಿನಿಂದ ಗಾಳಿ ಒಳಬರುತ್ತಿರಬಹುದು. ಗಾಳಿ ಹೆಚ್ಚಿ ಪೆಟ್ರೋಲ್, ಎಣ್ಣೆ ಕಡಿಮೆಯಾದ ಎಂಜಿನ್‌ನಲ್ಲಿ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಇವೆರಡರಲ್ಲಿ ಯಾವುದಿದ್ದರೂ ಸೀಲು ಬದಲಿಸದೆ ಬೇರೆ ದಾರಿಯಿಲ್ಲ.

ಎಡಗಡೆಯಿಂದ ಶುರು ಮಾಡಿ. ಗೇರ್ ಎಣ್ಣೆ, ಸುಮಾರು ಒಂದು ಲೀಟರ್, ಬಸಿದು ಬಿಳಿ ಬಟ್ಟಲಿನಲ್ಲಿ ಹಿಡಿಯಿರಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹೊಳೆಯುವ ಕಬ್ಬಿಣದ ಚೂರು ಸಿಕ್ಕಿದರೆ ಗೇರಿನ ಹಲ್ಲು ನೋಡಲೇಬೇಕು. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ, ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಡಿನ ಭಾಗಗಳು ಈ ಕವರಿನ ಹಿಂದಿವೆ. ಕವರನ್ನು ಒಂದು ಬೆರಳಷ್ಟು ಎಳೆದು, ಒಳಗೆ ಇಣುಕಿ, ಫೋಟೊ ತೆಗೆದು ಆಮೇಲೆ ಪೂರ್ತಿ ಎಳೆಯಿರಿ.

ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿಗೆ ಬಿಚ್ಚುವ ಕೊಂಡಿ ಇಲ್ಲ. ಹಾಗಾಗಿ ಕ್ರ್ಯಾಂಕಿನ ಸ್ಪ್ರಾಕೆಟ್ಟೂ ಕ್ಲಚ್ಚಿನ ಡ್ರಮ್ಮೂ ಒಟ್ಟಿಗೇ ಹೊರಬರಬೇಕು. ಇಲ್ಲಿನ ದೊಡ್ಡ ನಟ್ಟುಗಳಿಗೆ ಬಲ ಹಾಕುವ ಮೊದಲು ಥ್ರೆಡ್ ಯಾವ ಕಡೆಗೆ ಓಡಿದೆ ಎಂದು ಟಾರ್ಚ್ ಹಾಕಿ ನೋಡಿ. ಎಡಕ್ಕೆ ತಿರುಗಿಸಿದರೆ ಎಲ್ಲ ನಟ್ಟೂ ಬಿಚ್ಚುತ್ತದೆ ಎಂಬ ನಂಬಿಕೆಯಲ್ಲಿ ಉದ್ದದ ಪೈಪು ಸಿಕ್ಕಿಸಿ ಬಿಗಿದವರು ಶಾಫ್ಟನ್ನೇ ಮುರಿದಿದ್ದಾರೆ. ಲಾಕ್ ವಾಷರಿನ ಮಡಿಸಿದ ಕಿವಿಯನ್ನು ಮೊದಲು ಬಿಡಿಸಿ.

ಬಲಗಡೆ ಡೈನಮೊದ ಆರ್ಮೇಚರ್ (ತಿರುಗುವ ಭಾಗ) ಕ್ರ್ಯಾಂಕಿನ ತುದಿಯ ಟೇಪರ್ (ಕಿರಿದಾಗುತ್ತ ಹೋಗುವ ಭಾಗ) ಮೇಲೆ ಬಿಗಿಯಾಗಿ ಕೂತಿರುತ್ತದೆ. ನಡುವಿನ ಬೋಲ್ಟು ತೆಗೆದು, ಎಳೆಯುವ ಬೋಲ್ಟು ಹಾಕಿ ಬಿಗಿದರೆ ಟಪ್ಪೆಂದು ಬಿಡುತ್ತದೆ. ಪಕ್ಕದಿಂದ ಸುತ್ತಿಗೆ ಹೊಡೆದರೆ ಕ್ರ್ಯಾಂಕ್ ತುದಿ ಬೆಂಡಾಗುತ್ತದೆ, ಹೊಸ ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್ಚು) ಹಾಕಿದರೂ ಕಿಡಿಯ ಟೈಮಿಂಗ್ ನಿಲ್ಲುವುದಿಲ್ಲ.

ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಕಾಲು ಕಾಲು ಸುತ್ತು ಸಡಿಲಿಸಿ, ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುತ್ತದೆ. ಸಿಲಿಂಡರ್ ಅರ್ಧ ಎತ್ತಿದಾಗಲೇ ಕ್ರ್ಯಾಂಕ್ ಕೋಣೆಯ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಕ್ಲಿಪ್ಪು ಹಾರಿ ಬೀಳುವುದು ಅಲ್ಲಿಗೇ. ಹಳೆಯ ಪಿಸ್ಟನ್ ಮೇಲೆ ಯಾವ ಬದಿ ಮುಂದಿತ್ತು ಎಂದು ಗುರುತು ಹಾಕಿ, ಅದರ ತಲೆಯ ಮೇಲಿನ ಅಂಕಿ ಓದಿ. ಈ ಎಂಜಿನ್‌ನ ಮೂಲ ಬೋರು 65 ಮಿ.ಮೀ. ಸವೆದ ಬೋರನ್ನು ದೊಡ್ಡದಾಗಿ ಕೊರೆಸಿ ಹಾಕುವ ರೀಬೋರ್ ಪಿಸ್ಟನ್‌ಗಳು 0.25 ಮಿ.ಮೀ. ಏರಿಕೆಯಲ್ಲಿ ಬರುತ್ತವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಮಾಡಿಸಬೇಕು. ಬೋರ್ ಮುಗಿಸಿ ಪಿಸ್ಟನ್ ಹುಡುಕಲು ಹೊರಟರೆ ಸಿಲಿಂಡರ್ ಒಂದು, ಪಿಸ್ಟನ್ ಇನ್ನೊಂದು ಆಗುತ್ತದೆ.

ಇನ್ನು ಹೋಳು ಮಾಡುವುದು. ಸ್ಕ್ರೂಗಳೆಲ್ಲ ಹೊರಬಂದಿವೆ ಎಂದು ರಟ್ಟಿನ ಮೇಲೆ ಎಣಿಸಿ ಖಾತ್ರಿ ಮಾಡಿಕೊಳ್ಳಿ. ಜಂಟಿಯ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಅಲ್ಲೊಂದು ಗಾಯವಾಗಿ ಜೀವಮಾನವಿಡೀ ಎಣ್ಣೆ ಸೋರುತ್ತದೆ, ಕ್ರ್ಯಾಂಕ್ ಕೋಣೆಗೆ ಗಾಳಿಯೂ ನುಗ್ಗುತ್ತದೆ. ಬೇರಿಂಗ್ ಕೂತ ಜಾಗದ ಸುತ್ತ ಹೀಟ್ ಗನ್ನಿನಿಂದ ನೀರಿನ ಹನಿ ಚುರ್ ಎನ್ನುವವರೆಗೆ ಬಿಸಿ ಮಾಡಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ರಬ್ಬರ್ ಸುತ್ತಿಗೆಯ ಎರಡು ತಟ್ಟಿಗೆ ಕೇಸು ಬಿಡುತ್ತದೆ. ಗೇರುಗಳ ಶಾಫ್ಟ್ ತುದಿಯಲ್ಲಿ ತೆಳು ವಾಷರುಗಳು ಎಣ್ಣೆಗೆ ಅಂಟಿಕೊಂಡು ಕೇಸಿನ ಒಳಮೈಗೇ ಉಳಿದಿರುತ್ತವೆ. ಅವನ್ನು ಬೆರಳಿನಿಂದ ತಡವಿ ಹುಡುಕಿ, ಶಾಫ್ಟಿನ ಸಮೇತ ತಂತಿಯಲ್ಲಿ ಪೋಣಿಸಿಡಿ.

ಹಳೆಯ ಭಾಗ ಇಟ್ಟುಕೊಳ್ಳಬೇಕೋ ಹೊಸದು ಹಾಕಬೇಕೋ ಎಂದು ಹಲವರು ಕೇಳುತ್ತಾರೆ. ಮೂಲ ಗೇರು, ಶಾಫ್ಟು, ಮಡ್‌ಗಾರ್ಡು ರಿಪೇರಿಯಾಗುವಂತಿದ್ದರೆ ಅವನ್ನೇ ಉಳಿಸಿ. ಮೈಸೂರಿನ ಮೂಲ ಮಡ್‌ಗಾರ್ಡಿನ ತಗಡಿನ ಬಾಗು ಈಗ ಸಿಗುವ ನಕಲುಗಳಲ್ಲಿ ಅಪರೂಪಕ್ಕೆ ಸರಿಯಾಗಿರುತ್ತದೆ. ಬೇರಿಂಗು, ಸೀಲು, ಪ್ಯಾಕಿಂಗ್, ಕೇಬಲ್, ರಬ್ಬರ್ ಮಾತ್ರ ಹೊಸದೇ ಆಗಲಿ. 2018ರ ಬಳಿಕ ಮತ್ತೆ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿಗಳ ಬಿಡಿಭಾಗ ಇವಕ್ಕೆ ಹೊಂದುವುದಿಲ್ಲ, ಅವು ನಾಲ್ಕು ಸ್ಟ್ರೋಕ್ ಗಾಡಿಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸುವಾಗ ಹಳೆಯ ಭಾಗ ಕೈಯಲ್ಲಿರಲಿ. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಸೇರುವ ಸವಾರರಲ್ಲೂ ಬಿಡಿಭಾಗದ ಗುರುತು ಬಲ್ಲವರು ಇರುತ್ತಾರೆ.

ಪ್ರಶ್ನೆ: ಚಾಸಿಸ್‌ಗೆ ಮರಳು ಹೊಡೆಸಿ ಪೌಡರ್ ಕೋಟಿಂಗ್ ಮಾಡಿಸುತ್ತಿದ್ದೇನೆ. ಏನು ಎಚ್ಚರ ಬೇಕು? (ಉಡುಪಿ)

ಮಳೆಗಾಲದಲ್ಲಿ ಬೇಡ. ಮರಳು ಹೊಡೆಸಿದ ಬೆತ್ತಲೆ ಕಬ್ಬಿಣ ಕರಾವಳಿಯ ಗಾಳಿಗೆ ಅದೇ ದಿನ ಕೆಂಪಾಗುತ್ತದೆ, ಆದ್ದರಿಂದ ಹೊಡೆಸುವುದೂ ಕೋಟಿಂಗೂ ಒಂದೇ ಕಡೆ, ಒಂದೇ ದಿನ ಆಗಬೇಕು. ಚಾಸಿಸ್ ನಂಬರಿನ ಮೇಲೆ ದಪ್ಪ ಟೇಪು ಸುತ್ತಿ ಕಳಿಸಿ. ಮರಳು ಅಕ್ಷರದ ಅಂಚನ್ನು ತಿನ್ನುತ್ತದೆ, ಪೌಡರಿನ ದಪ್ಪ ಪದರ ಉಳಿದದ್ದನ್ನೂ ಮುಚ್ಚುತ್ತದೆ. ಥ್ರೆಡ್ ಇರುವ ತೂತುಗಳಿಗೆಲ್ಲ ಹಳೆಯ ಬೋಲ್ಟು ಹಾಕಿಡಿ, ಸ್ಟೀರಿಂಗ್ ಬಟ್ಟಲು ಕೂರುವ ಜಾಗ ಮುಚ್ಚಿ. ವೈರಿಂಗಿನ ಅರ್ಥ್ ಕೂರುವ ಜಾಗದಲ್ಲಿ ಮಾತ್ರ ಕೋಟಿಂಗ್ ಕೆರೆದು ಕಬ್ಬಿಣ ತೋರಿಸಬೇಕು, ಇಲ್ಲದಿದ್ದರೆ ಲೈಟು ಮಂಕಾಗಿ ಉರಿಯುತ್ತದೆ. ಎಂಜಿನ್ ಕೇಸಿಗೆ ಮರಳು ಹೊಡೆಸಲೇಬೇಡಿ. ಎಣ್ಣೆ ಹರಿಯುವ ಸಣ್ಣ ತೂತಿನಲ್ಲಿ ಒಂದು ಕಣ ಉಳಿದರೂ ಹೊಸ ಬೇರಿಂಗ್ ಹಾಳು.

ಪ್ರಶ್ನೆ: ಮೆರೂನ್ ಗಾಡಿಗೆ ಕಪ್ಪು ಬಣ್ಣ ಹಾಕಿಸಬಹುದೇ? ಆರ್‌ಸಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲಿದೆ, ಗಾಡಿ 1972ರದು. (ತುಮಕೂರು)

ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ದಾಖಲಿಸಬೇಕು. ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸಲು ನಮೂನೆ 31, ನೋಂದಣಿ ನವೀಕರಿಸಲು ನಮೂನೆ 25. ನವೀಕರಣ ಐದು ವರ್ಷಕ್ಕೆ ಸಿಗುತ್ತದೆ, ಗಾಡಿಯನ್ನು ಪೂರ್ತಿ ಜೋಡಿಸಿ ತಪಾಸಣೆಗೆ ಒಯ್ಯಬೇಕು. ಹೆಸರು ಬದಲಾವಣೆಗೆ ಬೇಕಾದ ವಾರಸುದಾರರ ಒಪ್ಪಿಗೆ ಪತ್ರಗಳನ್ನು ಬಿಚ್ಚುವ ಕೆಲಸ ನಡೆಯುತ್ತಿರುವಾಗಲೇ ಕೂಡಿಸಿಕೊಳ್ಳಿ.

ನಿಮ್ಮ ಗಾಡಿಗೆ 50 ವರ್ಷ ದಾಟಿರುವುದರಿಂದ 2021ರ ನಿಯಮದಂತೆ ವಿಂಟೇಜ್ ನೋಂದಣಿಗೂ ಅರ್ಜಿ ಹಾಕಬಹುದು. ಅದಕ್ಕೆ ಚಾಸಿಸ್, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕೆ ಅದರಲ್ಲಿ ಅನುಮತಿ ಇಲ್ಲ. ಭಾನುವಾರವಾದರೂ ಓಡಿಸುವ ಆಸೆಯಿದ್ದರೆ ಸಾಮಾನ್ಯ ನವೀಕರಣವೇ ಸರಿ. ಯಾವ ದಾರಿ ಹಿಡಿದರೂ ಮೆರೂನ್ ಉಳಿಸಿಕೊಂಡರೆ ಬಣ್ಣದ ತಿದ್ದುಪಡಿಯ ಓಡಾಟ ಒಂದಾದರೂ ತಪ್ಪುತ್ತದೆ.